ತಾಳಮದ್ದಳೆಯ ಮಿಕ್ಸರಿಗೆ ಮೊಬೈಲು, ಶ್ರುತಿಪೆಟ್ಟಿಗೆ, ಲ್ಯಾಪ್‌ಟಾಪ್ ಜೋಡಿಸುವ ಬಗ್ಗೆ

ಹಿಮ್ಮೇಳಪ್ರಿಯ (ಶಿರಸಿ), ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನಮ್ಮೂರ ದೇವಸ್ಥಾನದ ಸಭಾಭವನದಲ್ಲಿ ಮಳೆಗಾಲದುದ್ದಕ್ಕೂ ತಾಳಮದ್ದಳೆ ನಡೆಯುತ್ತದೆ. ಈವರೆಗೆ ಮೈಕ್‌ಸೆಟ್ಟನ್ನು ಬಾಡಿಗೆಗೆ ತರುತ್ತಿದ್ದೆವು. ಈ ವರ್ಷ ಊರವರೆಲ್ಲ ಸೇರಿ ಎಂಟು ಮೈಕ್ ಚಾನೆಲ್ ಮತ್ತು ಎರಡು ಸ್ಟೀರಿಯೊ ಚಾನೆಲ್ ಇರುವ ಒಂದು ಮಿಕ್ಸರನ್ನೂ, ಆಂಪ್ಲಿಫೈಯರ್ ಒಳಗೇ ಇರುವ ಎರಡು ಸ್ಪೀಕರುಗಳನ್ನೂ ಕೊಂಡಿದ್ದೇವೆ. ಭಾಗವತರಿಗೂ ಅರ್ಥಧಾರಿಗಳಿಗೂ ಸಾಮಾನ್ಯ ಡೈನಮಿಕ್ ಮೈಕುಗಳಿವೆ. ಮದ್ದಳೆಗೆಂದು ಒಂದು ಕಂಡೆನ್ಸರ್ ಮೈಕ್ ತಂದಿದ್ದೇವೆ. ಇವಲ್ಲದೆ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಮತ್ತು ಲ್ಯಾಪ್‌ಟಾಪ್ ಇವೆ.

ಮೂರು ತೊಡಕುಗಳು ಎದುರಾಗಿವೆ. ಆರಂಭಕ್ಕೆ ಮುನ್ನ ಮೊಬೈಲಿನಿಂದ ಗಣಪತಿ ಸ್ತುತಿ ಹಾಕಿದರೆ ವಾದ್ಯಗಳೆಲ್ಲ ಚೆನ್ನಾಗಿ ಕೇಳುತ್ತವೆ, ಹಾಡಿದವರ ಸ್ವರ ಮಾತ್ರ ಆಳದ ಬಾವಿಯೊಳಗಿಂದ ಬಂದಂತೆ ಕ್ಷೀಣವಾಗಿರುತ್ತದೆ. ಅದೇ ಹಾಡು ಇಯರ್‌ಫೋನಿನಲ್ಲಿ ಸರಿಯಾಗಿಯೇ ಇದೆ. ಲ್ಯಾಪ್‌ಟಾಪಿಗೆ ಚಾರ್ಜರ್ ಸಿಕ್ಕಿಸಿದ ಕೂಡಲೇ ಸ್ಪೀಕರಿನಲ್ಲಿ ‘ಗುಂಯ್’ ಎಂಬ ಸದ್ದು ಶುರುವಾಗುತ್ತದೆ, ಇದು ಎರಡನೆಯದು. ಮೂರನೆಯದಾಗಿ, ಕಂಡೆನ್ಸರ್ ಮೈಕಿಗೆ 48 ವೋಲ್ಟಿನ ಫ್ಯಾಂಟಮ್ ಪವರ್ ಬೇಕಂತೆ. ನಮ್ಮ ಮಿಕ್ಸರಿನಲ್ಲಿ ಆ ಗುಂಡಿಯನ್ನು ಒತ್ತಿದರೆ ಎಲ್ಲ ಮೈಕ್ ಚಾನೆಲ್ಲುಗಳಿಗೂ ಒಟ್ಟಿಗೇ ವಿದ್ಯುತ್ ಹೋಗುತ್ತದೆ. ಉಳಿದ ಮೈಕುಗಳಿಗಾಗಲಿ ಶ್ರುತಿಪೆಟ್ಟಿಗೆಗಾಗಲಿ ಇದರಿಂದ ಹಾನಿಯಾದೀತೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಧ್ವನಿಸೇವೆ (ಹೊನ್ನಾವರ), ಉತ್ತರ:

ಹಿಮ್ಮೇಳಪ್ರಿಯರೇ, ಹಾಡುವವರ ಸ್ವರ ಮಾಯವಾಗುವುದಕ್ಕೆ ಮೊಬೈಲೂ ಕಾರಣವಲ್ಲ, ಮಿಕ್ಸರೂ ಕಾರಣವಲ್ಲ. ಇದು ಶುದ್ಧಾಂಗ ಕೇಬಲಿನ ವಿಷಯ. ನಿಮ್ಮ ಕೇಬಲಿನ ದಪ್ಪ ಪಿನ್ನನ್ನು, ಅಂದರೆ 6.35 ಮಿಲಿಮೀಟರಿನದನ್ನು, ಕೈಯಲ್ಲಿ ಹಿಡಿದು ನೋಡಿ. ಅದರ ಮೇಲೆ ಎರಡು ಕಪ್ಪು ಗೆರೆಗಳಿದ್ದರೆ ಅದು ಟಿಆರ್‌ಎಸ್ ಪಿನ್, ಅಂದರೆ ತುದಿ, ಬಳೆ, ಬುಡ ಎಂಬ ಮೂರು ಭಾಗಗಳದ್ದು. ಒಂದೇ ಗೆರೆಯಿದ್ದರೆ ಟಿಎಸ್, ಅದರಲ್ಲಿ ಬಳೆಯಿಲ್ಲ. ನಿಮ್ಮ ವಿವರಣೆಯಿಂದ ನೋಡಿದರೆ, ಎರಡೂ ತುದಿಯಲ್ಲಿ ಎರಡೆರಡು ಗೆರೆಗಳಿರುವ ಕೇಬಲನ್ನು ಯಾವುದೋ ಮೈಕ್ ಚಾನೆಲ್ಲಿನ ‘ಲೈನ್’ ತೂತಿಗೆ ಸಿಕ್ಕಿಸಿದ್ದೀರಿ ಎಂದು ನನಗೆ ಅನ್ನಿಸುತ್ತದೆ.

ಮೊಬೈಲಿನ ಪಾಲಿಗೆ ಆ ಪಿನ್ನಿನ ತುದಿ ಎಡಗಿವಿಯದು, ನಡುವಿನ ಬಳೆ ಬಲಗಿವಿಯದು, ಬುಡ ಎರಡಕ್ಕೂ ಸಾಮಾನ್ಯವಾದ ನೆಲೆ. ಮಿಕ್ಸರಿನ ಲೈನ್ ತೂತು ಅದೇ ಪಿನ್ನನ್ನು ಬೇರೆ ರೀತಿ ಓದುತ್ತದೆ. ಅಲ್ಲಿ ತುದಿ ಮತ್ತು ಬಳೆ ಒಂದೇ ಸದ್ದಿನ ನೇರ ಮತ್ತು ತಿರುಗುಮುರುಗು ರೂಪಗಳು. ಇದನ್ನೇ ಬ್ಯಾಲೆನ್ಸ್ಡ್ ಎನ್ನುವುದು. ಮಿಕ್ಸರ್ ಒಂದರಿಂದ ಇನ್ನೊಂದನ್ನು ಕಳೆಯುತ್ತದೆ, ದಾರಿಯಲ್ಲಿ ಎರಡೂ ತಂತಿಗಳಿಗೆ ಸಮನಾಗಿ ಅಂಟಿಕೊಂಡ ಗದ್ದಲ ಆ ಕಳೆಯುವಿಕೆಯಲ್ಲಿ ಅಳಿದುಹೋಗುತ್ತದೆ. ಮೈಕಿನ ಉದ್ದ ಕೇಬಲಿಗೆ ಇದು ವರ. ಮೊಬೈಲಿನ ಹಾಡಿಗೆ ಇದೇ ಶಾಪ. ಧ್ವನಿಮುದ್ರಣದಲ್ಲಿ ಹಾಡುವವರ ಸ್ವರವನ್ನು ಸಾಮಾನ್ಯವಾಗಿ ಎಡಕ್ಕೂ ಬಲಕ್ಕೂ ಸಮನಾಗಿ, ಮಧ್ಯದಲ್ಲಿ ಕೂರಿಸಿರುತ್ತಾರೆ. ಎಡದಿಂದ ಬಲವನ್ನು ಕಳೆದಾಗ ಸಮನಾಗಿರುವುದು ಸೊನ್ನೆಯಾಗುತ್ತದೆ, ಆಚೀಚೆ ಹಂಚಿದ ವಾದ್ಯಗಳು ಉಳಿಯುತ್ತವೆ. ನಿಮಗೆ ಕ್ಷೀಣವಾಗಿ ಕೇಳಿಸುತ್ತಿರುವುದು ಸ್ವರವಲ್ಲ, ಸ್ವರಕ್ಕೆ ಸ್ಟುಡಿಯೊದಲ್ಲಿ ಸೇರಿಸಿದ ಪ್ರತಿಧ್ವನಿ.

ಪರಿಹಾರ ಅಗ್ಗದ್ದು. ಒಂದು ತುದಿಯಲ್ಲಿ 3.5 ಮಿಲಿಮೀಟರಿನ ಸ್ಟೀರಿಯೊ ಪಿನ್, ಇನ್ನೊಂದು ತುದಿಯಲ್ಲಿ ಒಂದೊಂದೇ ಗೆರೆಯ ಎರಡು ದಪ್ಪ ಪಿನ್ನುಗಳಿರುವ ಕವಲು ಕೇಬಲನ್ನು ತನ್ನಿ. ಅವೆರಡನ್ನು ಸ್ಟೀರಿಯೊ ಚಾನೆಲ್ಲಿನ ಎಡ ಮತ್ತು ಬಲ ತೂತುಗಳಿಗೆ ಹಾಕಿ. ಈ ಕೇಬಲ್ ಒಂದೆರಡು ಮೀಟರಿಗಿಂತ ಉದ್ದವಾಗದಿರಲಿ, ಏಕೆಂದರೆ ಇದರಲ್ಲಿ ಗದ್ದಲ ಅಳಿಸುವ ಆ ಉಪಾಯವಿಲ್ಲ.

ಕಡಲತಡಿ (ಕಾರವಾರ), ಉತ್ತರ:

‘ಗುಂಯ್’ ಸದ್ದಿನ ಕುರಿತು ಬರೆಯುತ್ತೇನೆ. ಮೊದಲು ಚಾರ್ಜರ್ ತೆಗೆದು ಬ್ಯಾಟರಿಯ ಮೇಲೆಯೇ ಲ್ಯಾಪ್‌ಟಾಪ್ ನಡೆಸಿ. ಸದ್ದು ನಿಂತರೆ ಕಾರಣ ಖಚಿತವಾಯಿತು: ಲ್ಯಾಪ್‌ಟಾಪ್ ತನ್ನ ಚಾರ್ಜರಿನ ಮೂಲಕ, ಮಿಕ್ಸರ್ ತನ್ನ ತಂತಿಯ ಮೂಲಕ, ಸ್ಪೀಕರುಗಳು ಸಭಾಭವನದ ಇನ್ನೊಂದು ತುದಿಯ ಪ್ಲಗ್ಗಿನ ಮೂಲಕ ಬೇರೆ ಬೇರೆ ಕಡೆ ಭೂಮಿಯನ್ನು ಮುಟ್ಟುತ್ತಿವೆ, ಇವೆಲ್ಲವನ್ನು ಆಡಿಯೊ ಕೇಬಲಿನ ಕವಚ ಒಂದಕ್ಕೊಂದು ಜೋಡಿಸಿದೆ. ಆಗ ಒಂದು ಸುತ್ತು ಪೂರ್ಣವಾಗಿ, ಆ ಕವಚದಲ್ಲಿ ಅಲ್ಪ ವಿದ್ಯುತ್ ಹರಿಯುತ್ತದೆ. ನಮ್ಮ ವಿದ್ಯುತ್ 50 ಹರ್ಟ್ಸ್‌ನದು. ಆದ್ದರಿಂದ ಕೇಳಿಸುವುದು 50 ಹರ್ಟ್ಸ್ ಮತ್ತು ಅದರ 100, 150ರ ಗುಣಕಗಳು. ಸದ್ದು ತಗ್ಗಾಗಿರದೆ ತೆಳ್ಳಗೆ ಕೀರಲಾಗಿದ್ದರೆ ಅದು ಚಾರ್ಜರ್ ಹುಟ್ಟಿಸುವ ಗದ್ದಲ. ಪರಿಹಾರ ಬಹುಮಟ್ಟಿಗೆ ಒಂದೇ.

ಮಿಕ್ಸರ್, ಲ್ಯಾಪ್‌ಟಾಪ್, ಸ್ಪೀಕರ್ ಎಲ್ಲಕ್ಕೂ ಒಂದೇ ಬೋರ್ಡಿನಿಂದ ವಿದ್ಯುತ್ ಎಳೆಯಿರಿ. ಅಷ್ಟರಿಂದ ಸದ್ದು ಹೋಗದಿದ್ದರೆ ಲ್ಯಾಪ್‌ಟಾಪ್ ಮತ್ತು ಮಿಕ್ಸರಿನ ನಡುವೆ ಡಿಐ ಬಾಕ್ಸ್ (ಲೈನ್ ಸದ್ದನ್ನು ಮೈಕಿನಂಥ ಬ್ಯಾಲೆನ್ಸ್ಡ್ ಸಂಕೇತವಾಗಿಸುವ ಚಿಕ್ಕ ಪೆಟ್ಟಿಗೆ) ಇಡಿ. ಒಳಗೆ ಟ್ರಾನ್ಸ್‌ಫಾರ್ಮರ್ ಇರುವ ಪ್ಯಾಸಿವ್ ಡಿಐಯಲ್ಲಿ ಸದ್ದು ಕಾಂತಕ್ಷೇತ್ರದ ಮೂಲಕ ದಾಟುತ್ತದೆ, ತಂತಿಗೆ ತಂತಿ ತಾಗುವುದಿಲ್ಲ. ಅದರ ಮೇಲಿನ ‘ಲಿಫ್ಟ್’ ಗುಂಡಿ ಒತ್ತಿದಾಗ ಕವಚದ ಸುತ್ತು ಕಡಿದುಹೋಗುತ್ತದೆ. ಡಿಐಯಿಂದ ಹೊರಬರುವುದು ಮೈಕಿನಷ್ಟೇ ಸಣ್ಣ ಸಂಕೇತವಾದ್ದರಿಂದ ಅದನ್ನು ಮೈಕಿಗೆ ಬಳಸುವ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಕೇಬಲಿನಲ್ಲಿ ಮೈಕ್ ತೂತಿಗೇ ಹಾಕಬೇಕು. ಎಡಬಲ ಎರಡೂ ಬೇಕೆಂದರೆ ಎರಡು ದಾರಿಯ ಡಿಐ ಕೊಳ್ಳಿ.

ಒಂದು ಮಾತನ್ನು ಒತ್ತಿ ಹೇಳಲೇಬೇಕು. ಗುಂಯ್ ಸದ್ದು ಹೋಗಲೆಂದು ಮೂರು ಪಿನ್ನಿನ ಪ್ಲಗ್ಗಿನಿಂದ ಅರ್ಥಿಂಗ್ ಪಿನ್ನನ್ನು ಕಿತ್ತುಹಾಕುವ ಅಭ್ಯಾಸ ನಮ್ಮ ಕಡೆ ಬಹಳ ಇದೆ. ಸದ್ದು ನಿಜವಾಗಿಯೂ ನಿಲ್ಲುತ್ತದೆ, ಅದೇ ಅದರ ಅಪಾಯ. ಮಳೆಗಾಲದಲ್ಲಿ ಒದ್ದೆ ಕಾಲಿನಲ್ಲಿ ಬಂದು ಕೂತ ಅರ್ಥಧಾರಿ ಲೋಹದ ಮೈಕನ್ನು ಹಿಡಿದ ಹೊತ್ತಿಗೆ ಎಲ್ಲಾದರೂ ವಿದ್ಯುತ್ ಸೋರಿದರೆ, ಅದು ಹರಿಯುವ ದಾರಿ ಆ ಮನುಷ್ಯನ ದೇಹವೇ ಆಗುತ್ತದೆ. ದಯವಿಟ್ಟು ಯಾರಿಗೂ ಹಾಗೆ ಮಾಡಲು ಬಿಡಬೇಡಿ.

ಕರಾವಳಿಯ ಓದುಗರಿಗಾಗಿ ಇನ್ನೊಂದು ವಿಷಯ: ಉಪ್ಪುಗಾಳಿಗೆ ಪಿನ್ನುಗಳು ಬೇಗ ಕಪ್ಪಾಗುತ್ತವೆ. ಪಿನ್ನನ್ನು ತೂತಿನಲ್ಲಿ ಮೆಲ್ಲಗೆ ತಿರುಗಿಸಿದಾಗ ‘ಚರ್ ಚರ್’ ಎಂದರೆ ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ಒರೆಸಿ. ಸ್ಯಾಂಡ್‌ಪೇಪರಿನಿಂದ ಉಜ್ಜಿದರೆ ಲೇಪ ಹೋಗಿ ಇನ್ನೂ ಬೇಗ ಹಾಳಾಗುತ್ತದೆ.

ಮದ್ದಳೆಗಾರ (ಯಲ್ಲಾಪುರ), ಉತ್ತರ:

ಫ್ಯಾಂಟಮ್ ಪವರಿನ ಭಯ ಅರ್ಧ ಮಾತ್ರ ಸರಿ. ಎಕ್ಸ್‌ಎಲ್‌ಆರ್ ಕೇಬಲಿನ ಒಂದನೇ ಪಿನ್ ಕವಚದ್ದು. ಎರಡು ಮತ್ತು ಮೂರನೇ ಪಿನ್ನುಗಳಿಗೆ 48 ವೋಲ್ಟು 6.8 ಕಿಲೊ ಓಮ್‌ನ ಒಂದೊಂದು ರೆಸಿಸ್ಟರಿನ ಮೂಲಕ ಸಮನಾಗಿ ಹೋಗುತ್ತದೆ. ಡೈನಮಿಕ್ ಮೈಕಿನ ಸುರುಳಿ ಆ ಎರಡು ಪಿನ್ನುಗಳ ನಡುವೆ ಇರುವುದರಿಂದ, ಎರಡೂ ಕಡೆ ಒಂದೇ ವೋಲ್ಟೇಜು ಇದ್ದಾಗ ಅದರಲ್ಲಿ ಏನೂ ಹರಿಯುವುದಿಲ್ಲ. ಕೇಬಲ್ ಸರಿಯಾಗಿದ್ದರೆ ಭಾಗವತರ ಮೈಕಿಗೆ ಭಯವಿಲ್ಲ.

ಶ್ರುತಿಪೆಟ್ಟಿಗೆಯ ಮಾತು ಬೇರೆ. ಯಾರೋ ಬೆಸುಗೆ ಹಾಕಿಕೊಟ್ಟ ಕೇಬಲಿನಿಂದ ಅದನ್ನು ನೇರವಾಗಿ ಎಕ್ಸ್‌ಎಲ್‌ಆರ್ ತೂತಿಗೆ ಹಾಕಿದ್ದರೆ 48 ವೋಲ್ಟು ಅದರ ಔಟ್‌ಪುಟ್ಟಿಗೆ ನುಗ್ಗಿ ಕೆಡಿಸಬಹುದು. ಅದನ್ನು ದಪ್ಪ ಪಿನ್ನಿನ ಲೈನ್ ತೂತಿಗೆ ಹಾಕಿ. ಆ ತೂತಿಗೆ ಸಾಮಾನ್ಯವಾಗಿ ಫ್ಯಾಂಟಮ್ ಬರುವುದಿಲ್ಲ. ಕಂಡೆನ್ಸರನ್ನು ಸಿಕ್ಕಿಸುವಾಗಲೂ ತೆಗೆಯುವಾಗಲೂ ಸದ್ದು ಏರಿಳಿಸುವ ಜಾರುಗುಂಡಿಗಳಾದ ಫೇಡರುಗಳೆಲ್ಲ ಕೆಳಗಿರಲಿ.

ಗೇನ್ (ಚಾನೆಲ್ಲಿಗೆ ಬರುವ ಸದ್ದನ್ನು ಮೊದಲು ಹಿಗ್ಗಿಸುವ ಗುಂಡಿ) ಇಡುವಾಗ ‘ಹಲೋ ಹಲೋ’ ಎಂದು ನೋಡಿ ತೃಪ್ತರಾಗಬೇಡಿ. ಭಾಗವತರಿಗೆ ಏರುಶ್ರುತಿಯ ಒಂದು ವೀರರಸದ ಪದ್ಯ ಹೇಳಲು ವಿನಂತಿಸಿ, ಆ ಒಂದೇ ಚಾನೆಲ್ಲಿನ ಸದ್ದನ್ನು ಫೇಡರಿಗೆ ಮುನ್ನವೇ ತೋರಿಸುವ ಪಿಎಫ್ಎಲ್ ಗುಂಡಿ ಒತ್ತಿ ಮೀಟರು ನೋಡುತ್ತ, ಏರುಪದ ಬಂದಾಗಲೂ ಕೆಂಪು ದೀಪ ಹತ್ತದಂತೆ ಗೇನ್ ನಿಲ್ಲಿಸಿ. ಸ್ಪೀಕರಿನ ಹಿಂದೆ ಮೈಕ್, ಲೈನ್ ಎಂಬ ಗುಂಡಿಯಿದ್ದರೆ ಅದು ಲೈನ್ ಕಡೆಗಿರಲಿ. ಅರ್ಥಧಾರಿಗಳ ಚಾನೆಲ್ಲಿನಲ್ಲಿ 80 ಅಥವಾ 100 ಹರ್ಟ್ಸ್‌ನ ಲೋ ಕಟ್ (ತಗ್ಗು ಸದ್ದು ಕಡಿಯುವ) ಗುಂಡಿ ಒತ್ತಿಡಿ. ಮದ್ದಳೆಯ ಚಾನೆಲ್ಲಿನಲ್ಲಿ ಬೇಡ, ಎಡದ ತುಂಬುನಾದ ಕಳೆದುಹೋಗುತ್ತದೆ. ಸಭಾಭವನದೊಳಗೆ ಚಂಡೆಗೆ ಮೈಕ್ ಬೇಡವೆಂಬುದು ನನ್ನ ಗಟ್ಟಿ ಅಭಿಪ್ರಾಯ. ಅದು ತನ್ನಷ್ಟಕ್ಕೇ ಕೊನೆಯ ಸಾಲಿಗೂ ಮುಟ್ಟುತ್ತದೆ.

ಹಿಮ್ಮೇಳಪ್ರಿಯ (ಶಿರಸಿ):

ತಮ್ಮೆಲ್ಲರಿಗೂ ಹೃತ್ಪೂರ್ವಕ ವಂದನೆಗಳು. ಕವಲು ಕೇಬಲ್ ಹಾಕಿದ ಮೇಲೆ ಸ್ತುತಿಯ ಸ್ವರ ಪೂರ್ತಿ ಬಂತು. ಬ್ಯಾಟರಿಯ ಮೇಲೆ ನಡೆಸಿದಾಗ ಗುಂಯ್ ಸದ್ದೂ ಇಲ್ಲ, ಹಾಗಾಗಿ ಡಿಐ ಬಾಕ್ಸನ್ನು ತರಿಸುತ್ತಿದ್ದೇವೆ. ಒಂದೇ ಒಂದು ಸಂದೇಹ ಉಳಿದಿದೆ: ಪ್ರಸಂಗವನ್ನು ಲ್ಯಾಪ್‌ಟಾಪಿನಲ್ಲಿ ಮುದ್ರಿಸಿಕೊಳ್ಳಲು ಮಿಕ್ಸರಿನ ಯಾವ ತೂತಿನಿಂದ ಕೇಬಲ್ ಎಳೆಯಬೇಕು? ಚಂಡೆಗೆ ಮೈಕ್ ಇಡದಿದ್ದರೆ ಮುದ್ರಣದಲ್ಲಿ ಚಂಡೆಯೇ ಇರುವುದಿಲ್ಲವಲ್ಲ?

ಧ್ವನಿಸೇವೆ (ಹೊನ್ನಾವರ):

ಸಂದೇಹ ಸರಿಯಾಗಿದೆ. ಮೇನ್ ಔಟ್‌ನಲ್ಲಿರುವುದು ಸಭಾಭವನಕ್ಕೆ ಬೇಕಾದ ಮಿಶ್ರಣ ಮಾತ್ರ. ಮುದ್ರಣಕ್ಕೆ ಬೇಕಾದದ್ದು ಅದಲ್ಲ. ಆದ್ದರಿಂದ ಬೇರೆಯದೇ ಮಿಶ್ರಣವನ್ನು ಹೊರಗೆ ಕಳಿಸುವ ಆಕ್ಸ್ ಔಟ್‌ನಿಂದ ಎಳೆಯಿರಿ, ಅದನ್ನು ‘ಪ್ರೀ’ ಸ್ಥಿತಿಯಲ್ಲಿಡಿ. ಆಗ ಆಕ್ಸಿಗೆ ಹೋಗುವ ಸದ್ದು ಫೇಡರಿನ ಏರಿಳಿತಕ್ಕೆ ಒಳಪಡುವುದಿಲ್ಲ. ಚಂಡೆಯಿಂದ ಸ್ವಲ್ಪ ದೂರದಲ್ಲಿ ಒಂದು ಡೈನಮಿಕ್ ಮೈಕ್ ಇಟ್ಟು, ಅದರ ಫೇಡರನ್ನು ಪೂರ್ತಿ ಕೆಳಗೇ ಬಿಟ್ಟು, ಆಕ್ಸ್ ಗುಂಡಿಯನ್ನು ಮಾತ್ರ ಹದವಾಗಿ ತಿರುಗಿಸಿ. ಸ್ಪೀಕರಿನಲ್ಲಿ ಚಂಡೆ ಬರುವುದಿಲ್ಲ, ಮುದ್ರಣದಲ್ಲಿ ಬರುತ್ತದೆ.

ಲ್ಯಾಪ್‌ಟಾಪಿನ ಪಕ್ಕದ ಸಣ್ಣ ತೂತು ಹೆಡ್‌ಸೆಟ್ಟಿನ ಮೈಕಿಗೆಂದು ಮಾಡಿದ್ದು. ಮಿಕ್ಸರಿನಿಂದ ಬರುವ ಲೈನ್ ಮಟ್ಟ ಸುಮಾರು 1.23 ವೋಲ್ಟಿನದು, ಮೈಕಿನದು ಕೆಲವೇ ಮಿಲಿವೋಲ್ಟು. ನೇರವಾಗಿ ಹಾಕಿದರೆ ಸದ್ದು ಒಡೆದುಹೋಗುತ್ತದೆ. ಲೈನ್ ಇನ್‌ಪುಟ್ ಇರುವ ಚಿಕ್ಕ ಯುಎಸ್‌ಬಿ ಆಡಿಯೊ ಇಂಟರ್‌ಫೇಸ್ ಒಂದನ್ನು ನಡುವೆ ಇಡಿ. ಅತ್ಯಂತ ಜೋರಾದ ಪದ್ಯದಲ್ಲೂ ಲ್ಯಾಪ್‌ಟಾಪಿನ ಮೀಟರ್ ಮೈನಸ್ 6 ಡೆಸಿಬೆಲ್ ದಾಟದಂತೆ ನೋಡಿಕೊಂಡರೆ ಚಂಡೆ ಮದ್ದಳೆಗಳು ಜೋರಾಗಿ ನುಡಿಯುವ ಬಿಡ್ತಿಗೆಯ ಹೊತ್ತಿನಲ್ಲೂ ಮುದ್ರಣ ಒಡೆಯುವುದಿಲ್ಲ.