ಪದಚರ್ಚೆ: ‘ಆರಂಭಿಕ ವೇಗ’ ಅಂದ್ರೆ ಮೋಟರ್ ವೇಗ ಅಂತ ತಿಳಿಯದ ಹಾಗೆ ಬರೆಯೋದು ಹೇಗೆ?

ಎಲ್ಲರಿಗೂ ನಮಸ್ಕಾರ.

ಕಲಬುರಗಿಯಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಓದುವ ಹುಡುಗರಿಗೆ ಮೋಷನ್ ಸಿಮ್ಯುಲೇಶನ್ (ಯಂತ್ರದ ಭಾಗಗಳು ಹೇಗೆ ಚಲಿಸುತ್ತವೆ ಅಂತ ಕಂಪ್ಯೂಟರಿನಲ್ಲೇ ಲೆಕ್ಕ ಹಾಕಿ ನೋಡುವುದು) ಲ್ಯಾಬಿನ ಕೈಪಿಡಿಯೊಂದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಸಾಲಿಡ್‌ವರ್ಕ್ಸ್, ಆಡಮ್ಸ್‌ನಂಥ ಸಾಫ್ಟ್‌ವೇರ್‌ಗಳಲ್ಲಿ ‘ಇನಿಶಿಯಲ್ ವೆಲಾಸಿಟಿ’ ಅಂತ ಒಂದು ಆಯ್ಕೆ ಇರುತ್ತದೆ. ಲೆಕ್ಕ ಶುರುವಾಗುವ ಸೊನ್ನೆ ಸೆಕೆಂಡಿನಲ್ಲೇ ಯಂತ್ರದ ಈ ಪಾರ್ಟ್‌ಗೆ ಇಷ್ಟು ವೇಗ ಇದೆ ಅಂತ ತಿಳಿಸುವ ಜಾಗ ಅದು. ಅದಕ್ಕೊಂದು ಒಳ್ಳೆಯ ಕನ್ನಡ ಪದ ಬೇಕು.

ಶಾಲೆಯ ಪುಸ್ತಕದಲ್ಲಿ ಪದ ಇದ್ದೇ ಇದೆ. ಒಂಬತ್ತನೇ ತರಗತಿಯ ‘ಚಲನೆ’ ಪಾಠದಲ್ಲಿ ಆರಂಭಿಕ ವೇಗ, ಅಂತಿಮ ವೇಗ, ವೇಗೋತ್ಕರ್ಷ ಎಲ್ಲ ಬರುತ್ತವೆ. ದಿಕ್ಕು ಲೆಕ್ಕಕ್ಕಿಲ್ಲದಿದ್ದರೆ ಜವ, ದಿಕ್ಕೂ ಸೇರಿದರೆ ವೇಗ. ಈ ಭೇದ ನಮಗೆ ತುಂಬಾ ಉಪಯೋಗ. ಸಾಫ್ಟ್‌ವೇರ್‌ನಲ್ಲಿ ಬರೀ ಸಂಖ್ಯೆ ಹಾಕಿದರೆ ಸಾಲದು, ಯಾವ ಅಕ್ಷದ ಕಡೆಗೆ ಅಂತಲೂ ಹೇಳಬೇಕು. ಮೈನಸ್ ಹಾಕಿದರೆ ಪಾರ್ಟ್ ಉಲ್ಟಾ ಹೋಗುತ್ತದೆ.

ತೊಡಕು ಇರುವುದು ‘ಆರಂಭಿಕ’ದಲ್ಲಿ. ಹುಡುಗರು ಅದನ್ನು ಓದಿ, ಮಷೀನ್ ಶುರು ಮಾಡುವಾಗ ಕೊಡುವ ಸ್ಪೀಡ್ ಅಂತ ತಿಳಿಯುತ್ತಾರೆ. ಅದು ಮೋಟರ್ ಕೆಲಸ ಅಲ್ವಾ? ಸಾಫ್ಟ್‌ವೇರ್‌ನಲ್ಲಿ ಮೋಟರ್ ಹಾಕಿದರೆ ಕೊನೆಯವರೆಗೂ ಅದು ಹೇಳಿದ ವೇಗದಲ್ಲೇ ಪಾರ್ಟ್ ತಿರುಗಬೇಕು, ಅದಕ್ಕೆ ಎಷ್ಟು ಬಲ ಬೇಕಾದರೂ ಸರಿ. ಇನಿಶಿಯಲ್ ವೆಲಾಸಿಟಿ ಹಾಗಲ್ಲ. ಸೊನ್ನೆ ಸೆಕೆಂಡಿಗೆ ಅದರ ಮಾತು ಮುಗಿಯಿತು. ಮುಂದೆ ಏನಾಗಬೇಕು ಅನ್ನುವುದನ್ನು ಘರ್ಷಣೆ, ತೂಕ, ಸ್ಪ್ರಿಂಗು ತೀರ್ಮಾನಿಸುತ್ತವೆ. ಎರಡನ್ನೂ ಒಂದೇ ಜಾಯಿಂಟಿಗೆ (ಎರಡು ಪಾರ್ಟ್ ಕೂಡುವ ಜಾಗಕ್ಕೆ) ಕೊಟ್ಟರೆ ಮೋಟರ್ ಮಾತೇ ನಡೆಯುತ್ತದೆ.

ಕೈಪಿಡಿಯಲ್ಲಿ ದಾಲ್ ಮಿಲ್ಲಿನ ಲೆಕ್ಕ ಕೊಟ್ಟಿದ್ದೇನೆ. ಕಪನೂರಿನ ಕಡೆ ದಾಲ್ ಮಿಲ್ ನೋಡದ ಹುಡುಗರು ನಮ್ಮಲ್ಲಿ ಕಡಿಮೆ. ತೊಗರಿಯ ಸಿಪ್ಪೆ ಬಿಡಿಸುವ ಎಮೆರಿ (ಒರಟು ಸಾಣೆಕಲ್ಲಿನ) ರೋಲರ್ ನಿಮಿಷಕ್ಕೆ 600 ಸುತ್ತು ತಿರುಗುತ್ತಿದೆ ಅಂತಿಟ್ಟುಕೊಳ್ಳಿ. ಕರೆಂಟ್ ಹೋಯಿತು. ರೋಲರ್ ಥಟ್ಟನೆ ನಿಲ್ಲುವುದಿಲ್ಲ, ಭಾರ ಜಾಸ್ತಿ. ಎಷ್ಟು ಹೊತ್ತು ತಿರುಗಿ ನಿಲ್ಲುತ್ತದೆ? ಈ ಲೆಕ್ಕದಲ್ಲಿ ಮೋಟರೇ ಇರಬಾರದು. ರೋಲರಿಗೆ ಸೊನ್ನೆ ಸೆಕೆಂಡಿನ ವೇಗ ಮಾತ್ರ ಇರಬೇಕು. ಸಾಫ್ಟ್‌ವೇರ್ ಸೆಕೆಂಡಿಗೆ ಇಷ್ಟು ಡಿಗ್ರಿ ಅಂತ ಕೇಳಿದರೆ 3600 ಅಂತ ತುಂಬಬೇಕು, ಯಾಕಂದ್ರೆ ಸೆಕೆಂಡಿಗೆ 10 ಸುತ್ತು, ಸುತ್ತಿಗೆ 360 ಡಿಗ್ರಿ. ಬೇರಿಂಗಿನ ಘರ್ಷಣೆ ಪ್ರತಿ ಸೆಕೆಂಡಿಗೆ 120 ಡಿಗ್ರಿಯಷ್ಟು ವೇಗ ಕಡಿಮೆ ಮಾಡುತ್ತಾ ಹೋದರೆ 30 ಸೆಕೆಂಡಿಗೆ ರೋಲರ್ ನಿಲ್ಲುತ್ತದೆ, ಅಷ್ಟರಲ್ಲಿ 150 ಸುತ್ತು ಹಾಕಿರುತ್ತದೆ. ಮೋಟರ್ ಇಟ್ಟುಕೊಂಡೇ ಮಾಡಿದವರ ಗ್ರಾಫ್ ಮಾತ್ರ ಸಪಾಟಾದ ಗೆರೆ. ರೋಲರ್ ನಿಲ್ಲುವುದೇ ಇಲ್ಲ.

ಒಬ್ಬ ಹುಡುಗ ಇದಕ್ಕೆ ‘ಚಾಲು ವೇಗ’ ಅಂತ ಬರೆದಿದ್ದ. ಪದ ಚೆನ್ನಾಗಿದೆ, ನಮ್ಮ ಕಡೆಯದ್ದು. ಆದರೆ ನಮ್ಮಲ್ಲಿ ‘ಮಷೀನ್ ಚಾಲು ಮಾಡು’ ಅಂದರೆ ಶುರು ಮಾಡು, ‘ಮಷೀನ್ ಚಾಲು ಅದ’ ಅಂದರೆ ನಡೆಯುತ್ತಿದೆ. ನಾವು ಬೇರೆ ಮಾಡಬೇಕು ಅನ್ನುವ ಎರಡು ಅರ್ಥಗಳೂ ಅದೊಂದೇ ಮಾತಿನಲ್ಲಿವೆ. ಹಾಗಾಗಿ ಅದನ್ನು ಒಲ್ಲದ ಮನಸ್ಸಿನಿಂದ ಬಿಟ್ಟೆ.

ಸದ್ಯಕ್ಕೆ ‘ಆರಂಭಿಕ ವೇಗ’ವನ್ನೇ ಉಳಿಸಿಕೊಂಡಿದ್ದೇನೆ, ಶಾಲೆಯಲ್ಲಿ ಕಲಿತ ಪದ ಸುಮ್ನೆ ಯಾಕೆ ಬಿಡಿಸಬೇಕು? ಕ್ರಿಯಾಪದ ಮಾತ್ರ ಬದಲಿಸಿದ್ದೇನೆ. ‘ಭಾಗಕ್ಕೆ ಆರಂಭಿಕ ವೇಗ ಕೊಡಿ’ ಅನ್ನುವಲ್ಲಿ ‘ಭಾಗಕ್ಕೆ ಮೊದಲೇ ಇರುವ ಆರಂಭಿಕ ವೇಗವನ್ನು ತಿಳಿಸಿ’ ಅಂತ ಬರೆದಿದ್ದೇನೆ. ‘ಕೊಡು’ ಅಂದಾಗಲೇ ಯಾರೋ ನೂಕಿದ ಹಾಗೆ ಕೇಳುತ್ತದೆ. ‘ಸೊನ್ನೆ ಹೊತ್ತಿನ ವೇಗ’ ಅಂತಲೂ ಯೋಚಿಸಿದ್ದೆ. ಅರ್ಥ ಖಚಿತ, ಆದರೆ ಅವಸರದಲ್ಲಿ ಓದಿದರೆ ವೇಗವೇ ಸೊನ್ನೆ ಅನ್ನಿಸಬಹುದು.

‘ಪಾರ್ಟ್’ಗೆ ಬಿಡಿಭಾಗ ಬೇಡ ಅಂತ ನನ್ನ ಅಭಿಪ್ರಾಯ. ಬಿಡಿಭಾಗ ಅಂದ ಕೂಡಲೇ ಸ್ಪೇರ್ ಪಾರ್ಟ್ ಅಂಗಡಿ ಕಣ್ಣಿಗೆ ಬರುತ್ತದೆ. ಸಾದಾ ‘ಭಾಗ’ ಸಾಕು. ರೇಖೀಯ ವೇಗ, ಕೋನೀಯ ವೇಗ ಅನ್ನುವಲ್ಲಿ ‘ಸರಿಯುವ ವೇಗ’, ‘ತಿರುಗುವ ವೇಗ’ ಅಂತ ಬರೆದರೆ ಹುಡುಗರಿಗೆ ಬೇಗ ಹತ್ತುತ್ತದೆ. ಪರೀಕ್ಷೆಗೆ ಬೇಕಾಗುತ್ತದೆ ಅಂತ ಹಳೆಯ ಪದಗಳನ್ನೂ ಒಮ್ಮೆ ಪಕ್ಕದಲ್ಲಿ ಹೇಳಿದ್ದೇನೆ.

ಇನ್ನೊಂದು ಕೇಳಬೇಕಿದೆ. ಹುಮನಾಬಾದ್, ಯಾದಗಿರಿ, ಶಹಾಪುರದ ಕಡೆಯವರು ಯಾರಾದರೂ ಇದ್ದರೆ ಹೇಳಿ. ಕರೆಂಟ್ ಹೋದ ಮೇಲೂ ಗಾಲಿ ತನ್ನಷ್ಟಕ್ಕೆ ತಿರುಗುತ್ತಲೇ ಇರುವುದಕ್ಕೆ ನಿಮ್ಮೂರಿನ ಗಿರಣಿಯವರು, ಲೇತ್ ಕೆಲಸದವರು ಏನಂತಾರೆ? ಅಂಥ ಮಾತೊಂದು ಬಳಕೆಯಲ್ಲಿದ್ದರೆ ಕೈಪಿಡಿಯಲ್ಲಿ ಅದನ್ನೇ ಹಾಕುತ್ತೇನೆ.