ಶಿಯಾನ್ ನಗರದಲ್ಲಿ ಒಂದೇ ದಿನ: ಗೈಡ್ ಕೊಟ್ಟ ಪಟ್ಟಿಯಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕು?

ಮಲಪ್ರಭೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಕೆಲಸದ ನಿಮಿತ್ತ ನಾನು ಶಾಂಘೈಗೆ ಬಂದು ಎಂಟು ತಿಂಗಳಾಯಿತು. ಮುಂದಿನ ತಿಂಗಳು ನಮ್ಮ ತಂದೆಯವರು ಬಾಗಲಕೋಟೆಯಿಂದ ಬರುತ್ತಿದ್ದಾರೆ. ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಇತಿಹಾಸ ಕಲಿಸಿದವರು, ಶಾಸನಗಳೆಂದರೆ ಈಗಲೂ ಊಟ ಮರೆಯುವವರು. ಚೀನಾದಲ್ಲಿ ಒಂದೇ ಊರು ತೋರಿಸುವುದಾದರೆ ಶಿಯಾನ್ ತೋರಿಸು (ನಮ್ಮ ಪತ್ರಿಕೆಗಳಲ್ಲಿ ಕ್ಸಿಯಾನ್ ಎಂದು ಬರೆಯುತ್ತಾರೆ) ಎಂದು ಅವರೇ ಕೇಳಿದ್ದಾರೆ. ನನಗೆ ಸಿಕ್ಕಿರುವ ರಜೆಯಲ್ಲಿ ಅಲ್ಲಿಗೆ ಒಂದು ಪೂರ್ತಿ ದಿನ ಮಾತ್ರ ಕೊಡಲು ಸಾಧ್ಯ.

ಇಂಗ್ಲಿಷ್ ಬಲ್ಲ ಗೈಡ್ ಮತ್ತು ಕಾರನ್ನು ಒಂದು ಪ್ರವಾಸ ಸಂಸ್ಥೆಯ ಮೂಲಕ ಗೊತ್ತುಮಾಡುತ್ತಿದ್ದೇನೆ. ಅವರು ಕಳಿಸಿದ ಪಟ್ಟಿಯಲ್ಲಿ ಮಣ್ಣಿನ ಸೈನಿಕರ ಸಂಗ್ರಹಾಲಯ, ಸೈನಿಕರ ಪ್ರತಿಕೃತಿ ತಯಾರಿಸುವ ಕಾರ್ಖಾನೆ, ಹುವಾಚಿಂಗ್ ಬಿಸಿನೀರಿನ ಬುಗ್ಗೆ, ಕೋಟೆಯ ಗೋಡೆ, ಗಂಟೆ ಗೋಪುರ, ನಗಾರಿ ಗೋಪುರ, ಮುಸ್ಲಿಂ ಬೀದಿ, ದೊಡ್ಡ ಕಾಡುಬಾತು ಪಗೋಡ ಹಾಗೂ ರಾತ್ರಿಯ ದೀಪಾಲಂಕಾರ, ಹೀಗೆ ಒಂಬತ್ತು ಹೆಸರುಗಳಿವೆ. ತಂದೆಯವರಿಗೆ ಅರವತ್ತೊಂಬತ್ತು ವರ್ಷ. ನಡೆಯಬಲ್ಲರು, ಆದರೆ ಮೆಟ್ಟಿಲು ಹತ್ತಿದರೆ ಮೊಣಕಾಲು ನೋಯುತ್ತದೆ. ನಾವಿಬ್ಬರೂ ಸಸ್ಯಾಹಾರಿಗಳು. ಈ ಪಟ್ಟಿಯಲ್ಲಿ ಯಾವುದನ್ನು ಬಿಡಬೇಕು, ಯಾವುದಕ್ಕೆ ಹೆಚ್ಚು ಹೊತ್ತು ಕೊಡಬೇಕು ಎಂದು ಆ ಊರನ್ನು ಕಂಡವರು ದಯವಿಟ್ಟು ತಿಳಿಸಬೇಕು.

ಹಳೆಯ ವಿದ್ಯಾರ್ಥಿ

ಮಲಪ್ರಭೆಯವರೇ, ನಾನು ಶಿಯಾನ್‌ನಲ್ಲಿ ಐದು ವರ್ಷ ವೈದ್ಯಕೀಯ ಓದಿದವನು. ಊರಿನಿಂದ ಬಂದ ಬಂಧುಗಳನ್ನು ಅನೇಕ ಸಲ ಸುತ್ತಾಡಿಸಿದ ಅನುಭವದಿಂದ ಹೇಳುತ್ತೇನೆ: ಒಂಬತ್ತರಲ್ಲಿ ಮೂರನ್ನು ಉಳಿಸಿಕೊಳ್ಳಿ. ಸೈನಿಕರು, ಪಗೋಡ, ಗೋಡೆ. ಈ ಮೂರೂ ಬೇರೆ ಬೇರೆ ಕಾಲಕ್ಕೆ ಸೇರಿದವು. ಕ್ರಿ.ಪೂ. 221ರಲ್ಲಿ ಚೀನಾವನ್ನು ಒಂದುಗೂಡಿಸಿದ ಚಿನ್ ಚಕ್ರವರ್ತಿ, ಏಳನೆಯ ಶತಮಾನದ ಟಾಂಗ್ ವಂಶದ ರಾಜಧಾನಿ ಚಾಂಗ್‌ಆನ್ (ಶಿಯಾನ್‌ನ ಹಳೆಯ ಹೆಸರು), ಹದಿನಾಲ್ಕನೆಯ ಶತಮಾನದ ಮಿಂಗ್ ವಂಶದ ಕಾಲದ ನಗರ. ಈ ಕ್ರಮದಲ್ಲೇ ನೋಡಿದರೆ ತಂದೆಯವರಿಗೆ ಇಡೀ ಊರಿನ ಚರಿತ್ರೆ ಒಂದು ಎಳೆಯಾಗಿ ಸಿಗುತ್ತದೆ.

ಸೈನಿಕರ ಸಂಗ್ರಹಾಲಯ ಇರುವುದು ಊರಿನಿಂದ ಪೂರ್ವಕ್ಕೆ ಸುಮಾರು 40 ಕಿಲೋಮೀಟರ್ ದೂರದ ಲಿನ್‌ಟಾಂಗ್‌ನಲ್ಲಿ. ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿರುವಂತೆ ಬೆಳಿಗ್ಗೆ ಬೇಗ ಹೊರಡಲೇಬೇಕು, ಏಕೆಂದರೆ ಹತ್ತು ಗಂಟೆಯ ಮೇಲೆ ಸೈನಿಕರನ್ನು ಅಗೆದು ತೆಗೆದ ಒಂದನೆಯ ಗುಂಡಿಯ ಕಟಕಟೆಯ ಬಳಿ ನಿಲ್ಲಲು ಜಾಗವಿರುವುದಿಲ್ಲ. ಆ ಚಿನ್ ಚಕ್ರವರ್ತಿಯ ಸಮಾಧಿಗೆ ಕಾವಲಾಗಿ ಹೂತಿದ್ದ ಈ ಮಣ್ಣಿನ ಸೈನ್ಯ 1974ರಲ್ಲಿ ರೈತರು ಬಾವಿ ತೋಡುವಾಗ ಸಿಕ್ಕಿತು. ಆ ಬಾವಿ ಇದ್ದ ಸ್ಥಳಕ್ಕೆ ಗುಂಡಿಯ ಅಂಚಿನಲ್ಲೇ ಒಂದು ಫಲಕ ಹಾಕಿದ್ದಾರೆ, ಗೈಡ್‌ಗೆ ತೋರಿಸಲು ಹೇಳಿ. ಗುಂಡಿಯ ಉದ್ದ 230 ಮೀಟರ್, ಅಗಲ 62 ಮೀಟರ್. ಎಲ್ಲರೂ ಮುಂಭಾಗದಲ್ಲಿ ಚಿತ್ರ ತೆಗೆದುಕೊಂಡು ಹೊರಟುಬಿಡುತ್ತಾರೆ. ನೀವು ಪಕ್ಕದ ದಾರಿಯಲ್ಲಿ ಹಿಂದಿನ ತುದಿಯವರೆಗೂ ನಡೆಯಿರಿ. ಅಲ್ಲಿ ಅರ್ಧ ಜೋಡಿಸಿದ ಮೈಗಳು, ಕೈಯಿಲ್ಲದ ತೋಳುಗಳು, ತಲೆಗಾಗಿ ಕಾಯುತ್ತಿರುವ ಕುತ್ತಿಗೆಗಳು ನಿಂತಿರುತ್ತವೆ. ನೆಲದಿಂದ ಇಡಿಯಾಗಿ ಎದ್ದುಬಂದ ಸೈನ್ಯ ಇದಲ್ಲ, ಚೂರು ಚೂರಾಗಿ ಸಿಕ್ಕಿದ್ದನ್ನು ಮನುಷ್ಯರು ವರ್ಷಗಟ್ಟಲೆ ಕುಳಿತು ಕೂಡಿಸಿದ್ದು ಎಂಬುದು ಆ ತುದಿಯಲ್ಲಿ ನಿಂತಾಗಲೇ ಮನಸ್ಸಿಗೆ ಇಳಿಯುತ್ತದೆ.

ಎರಡನೆಯ ಗುಂಡಿಯ ಕಟ್ಟಡದಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಮೊಣಕಾಲೂರಿ ಕುಳಿತ ಬಿಲ್ಲುಗಾರನೊಬ್ಬನಿದ್ದಾನೆ. ದಯವಿಟ್ಟು ಅವನ ಹಿಂದಕ್ಕೆ ಹೋಗಿ ಅವನ ಪಾದರಕ್ಷೆಯ ಅಟ್ಟೆಯನ್ನು ನೋಡಿ. ಹೊಲಿಗೆಯ ಚುಕ್ಕಿಗಳನ್ನು ಬೆರಳ ಕಡೆಗೂ ಹಿಮ್ಮಡಿಯ ಕಡೆಗೂ ಒತ್ತೊತ್ತಾಗಿ, ನಡುವೆ ವಿರಳವಾಗಿ ಕೊರೆದಿದ್ದಾರೆ. ಮಣ್ಣಿನಡಿ ಹೂಳಲೆಂದೇ ಮಾಡಿದ, ಯಾರೂ ನೋಡಬಾರದಿದ್ದ ಮೂರ್ತಿಯ ಅಂಗಾಲಿಗೆ ಆ ಕುಶಲಕರ್ಮಿ ಅಷ್ಟು ಶ್ರದ್ಧೆ ಕೊಟ್ಟಿದ್ದಾನೆ. ನನಗಂತೂ ಸಾವಿರಾರು ಸೈನಿಕರಿಗಿಂತ ಆ ಒಂದು ಅಟ್ಟೆಯೇ ಹೆಚ್ಚು ನೆನಪಿನಲ್ಲಿದೆ.

ಬಿಸಿನೀರಿನ ಬುಗ್ಗೆಯನ್ನು ಬಿಡಿ. ಗಂಟೆ ಗೋಪುರವನ್ನು (1384ರದ್ದು, 1582ರಲ್ಲಿ ಈಗಿನ ಜಾಗಕ್ಕೆ ಸ್ಥಳಾಂತರಿಸಿದ್ದು) ಕಾರಿನಿಂದ ನೋಡಿದರೂ ಸಾಕು. ಊರಿನ ಎರಡನೆಯ ಮೆಟ್ರೋ ಮಾರ್ಗದ ಸುರಂಗಗಳು ಆ ಗೋಪುರದ ಅಡಿಪಾಯಕ್ಕೆ ಧಕ್ಕೆಯಾಗದಂತೆ ಎಡಕ್ಕೊಂದು ಬಲಕ್ಕೊಂದು ಕವಲೊಡೆದು ಸುತ್ತಿಕೊಂಡು ಹೋಗುತ್ತವೆ ಎಂಬುದನ್ನು ತಂದೆಯವರಿಗೆ ಹೇಳಿ. ಶಿಯಾನ್ ಹೊಸದನ್ನು ಕಟ್ಟುವ ಬಗೆಯೇ ಅದು, ಎಲ್ಲಿ ಅಗೆದರೂ ಮೊದಲು ಪುರಾತತ್ತ್ವದವರು ಬರಬೇಕು.

ತುಂಗಾತೀರ

ಮೇಲಿನವರ ಮಾತಿಗೆ ನನ್ನ ಪೂರ್ಣ ಸಹಮತವಿದೆ. ಪಟ್ಟಿಯಲ್ಲಿರುವ ಆ ‘ಕಾರ್ಖಾನೆ’ಯ ಬಗ್ಗೆ ಮಾತ್ರ ಎಚ್ಚರಿಸಲು ಬರೆಯುತ್ತಿದ್ದೇನೆ. ನಾವು ಹೋದಾಗ ನಮ್ಮ ಗೈಡ್ ಇಪ್ಪತ್ತು ನಿಮಿಷವೆಂದು ಹೇಳಿ ಪ್ರತಿಕೃತಿಯ ಅಂಗಡಿಗೆ ಕರೆದೊಯ್ದರು, ಅಲ್ಲಿಂದ ಪಚ್ಚೆ ಕಲ್ಲಿನ ಆಭರಣದ ಮಳಿಗೆಗೆ. ಒಂದೂವರೆ ಗಂಟೆ ಅಲ್ಲಿಯೇ ಕಳೆಯಿತು. ಸಂಗ್ರಹಾಲಯ ತಲುಪಿದಾಗ ನಡುಮಧ್ಯಾಹ್ನ. ನಮ್ಮ ಅತ್ತೆಯವರು ಜನರ ಬೆನ್ನುಗಳನ್ನು ನೋಡಿಕೊಂಡು ಹಿಂತಿರುಗಿದರು, ಅದು ಇಂದಿಗೂ ನನಗೆ ನೋವಿನ ವಿಷಯ. ಆದ್ದರಿಂದ ಮುಂಗಡ ಕೊಡುವ ಮೊದಲೇ ‘ಯಾವುದೇ ಅಂಗಡಿಗೆ ಕರೆದೊಯ್ಯುವುದಿಲ್ಲ’ ಎಂದು ಬರಹದಲ್ಲಿ ಪಡೆದುಕೊಳ್ಳಿ. ಅದರಿಂದ ಗೈಡ್‌ನ ದರ ಸ್ವಲ್ಪ ಏರಿದರೂ ಕೊಡಿ, ಏಕೆಂದರೆ ಕಡಿಮೆ ದರದ ಉಳಿದ ಹಣವನ್ನು ಆ ಅಂಗಡಿಗಳ ಕಮಿಷನ್‌ನಿಂದಲೇ ತುಂಬಿಕೊಳ್ಳುತ್ತಾರೆ.

ಟಿಕೆಟ್‌ಗಳು ಪಾಸ್‌ಪೋರ್ಟ್ ಸಂಖ್ಯೆಯ ಮೇಲೆ ಮುಂಚಿತವಾಗಿ ಕಾದಿರಿಸುವಂಥವು. ಇಬ್ಬರ ಮೂಲ ಪಾಸ್‌ಪೋರ್ಟ್‌ಗಳೂ ಕೈಯಲ್ಲಿರಲಿ, ಹೋಟೆಲಿನ ಕೋಣೆಯಲ್ಲಿ ಬಿಟ್ಟು ಬರಬೇಡಿ.

ಊಟದ ವಿಷಯ. ಮುಸ್ಲಿಂ ಬೀದಿಯಲ್ಲಿ ಹಂದಿ ಮಾಂಸವಿಲ್ಲ, ಆದರೆ ಕುರಿ ಮತ್ತು ದನದ ಮಾಂಸ ಎಲ್ಲೆಲ್ಲೂ ಇದೆ. ನಿಮಗೆ ಹೊಂದುವ ತಿನಿಸೆಂದರೆ ಅಗಲವಾದ ಗೋಧಿ ನೂಡಲ್ಸ್. ಬೆಂದ ನೂಡಲ್ಸ್ ಮೇಲೆ ಖಾರದ ಪುಡಿ, ಬೆಳ್ಳುಳ್ಳಿ ಇಟ್ಟು, ಅದರ ಮೇಲೆ ಕಾದ ಎಣ್ಣೆಯನ್ನು ಚುರ್ ಎನ್ನುವಂತೆ ಸುರಿಯುತ್ತಾರೆ. ನಮ್ಮ ಒಗ್ಗರಣೆಯ ಘಮ ಬಲ್ಲವರಿಗೆ ಅದು ಹೊಸದೆನಿಸುವುದಿಲ್ಲ. ಹುಳಿ ಖಾರದ ತಣ್ಣನೆಯ ‘ಲ್ಯಾಂಗ್‌ಪೀ’ ನೂಡಲ್ಸ್ ಕೂಡ ಮಾಂಸವಿಲ್ಲದೆ ಸಿಗುತ್ತದೆ. ಮಾಂಸ, ಮೀನು, ಮೊಟ್ಟೆ, ಮಾಂಸದ ಸಾರು, ಹಂದಿ ಕೊಬ್ಬು ಯಾವುದೂ ಬೇಡವೆಂದು ಗೈಡ್‌ನಿಂದ ಚೀನೀ ಲಿಪಿಯಲ್ಲಿ ಒಂದು ಚೀಟಿ ಬರೆಸಿಕೊಳ್ಳಿ. ‘ಸಸ್ಯಾಹಾರಿ’ ಎಂಬ ಒಂದೇ ಪದ ಹೇಳಿದರೆ ಸಾರಿನ ಸಂಗತಿ ಅಡುಗೆಯವರ ಗಮನಕ್ಕೆ ಬಾರದೇ ಹೋಗಬಹುದು.

ವಾತಾಪಿ

ತಂದೆಯವರು ಬಾಗಲಕೋಟೆಯವರು, ಇತಿಹಾಸದ ಮೇಷ್ಟ್ರು ಎಂದು ಓದಿದ ಮೇಲೆ ಬರೆಯದೆ ಇರಲಾಗಲಿಲ್ಲ. ಆ ಪಗೋಡವನ್ನು ದಯವಿಟ್ಟು ಸಂಜೆಯ ದೀಪಾಲಂಕಾರದ ಹಿನ್ನೆಲೆಯಾಗಿ ಮಾತ್ರ ನೋಡಬೇಡಿ. ನಾವು ಶಾಲೆಯಲ್ಲಿ ಹ್ಯುಯೆನ್ ತ್ಸಾಂಗ್ ಎಂದು ಓದಿದ ಯಾತ್ರಿಕನೇ ಅದಕ್ಕೆ ಕಾರಣಪುರುಷ. 629ರ ಸುಮಾರಿಗೆ ಹೊರಟು, ನಾಲಂದಾದಲ್ಲಿ ಓದಿ, ದಕ್ಷಿಣದವರೆಗೂ ಸಂಚರಿಸಿ, 645ರಲ್ಲಿ 657 ಗ್ರಂಥಗಳೊಂದಿಗೆ ಅವನು ಮರಳಿದ್ದು ಇದೇ ಚಾಂಗ್‌ಆನ್‌ಗೆ. ಆ ಗ್ರಂಥಗಳನ್ನೂ ಮೂರ್ತಿಗಳನ್ನೂ ಬೆಂಕಿಯಿಂದ ಕಾಪಾಡಲು 652ರಲ್ಲಿ ಪಗೋಡ ಎದ್ದಿತು. ಕಟ್ಟುವಾಗ ಅವನೇ ಬುಟ್ಟಿಯಲ್ಲಿ ಇಟ್ಟಿಗೆ ಹೊತ್ತನೆಂದು ಅವನ ಶಿಷ್ಯರು ಬರೆದ ಜೀವನಚರಿತ್ರೆ ಹೇಳುತ್ತದೆ. ಈಗಿರುವುದು ಆಮೇಲೆ ಮರುನಿರ್ಮಾಣಗೊಂಡ ಏಳು ಅಂತಸ್ತುಗಳ, ಸುಮಾರು 64 ಮೀಟರ್ ಎತ್ತರದ ಕಟ್ಟಡ.

ಆ ಯಾತ್ರಿಕ ದಖ್ಖನಿನ ದೊರೆಯನ್ನು ಹೆಸರಿಸಿ ಬರೆದಿದ್ದಾನೆ. ಅವನೇ ನಮ್ಮ ಇಮ್ಮಡಿ ಪುಲಕೇಶಿ. ಉತ್ತರಾಪಥವನ್ನೆಲ್ಲ ಗೆದ್ದ ಹರ್ಷ ತಾನೇ ಸೈನ್ಯದೊಡನೆ ಬಂದರೂ ಈ ನಾಡಿನವರನ್ನು ಬಗ್ಗಿಸಲಾಗಲಿಲ್ಲವೆಂದೂ, ಇಲ್ಲಿಯ ಜನ ಉಪಕಾರ ಮಾಡಿದವರನ್ನು ಮರೆಯುವುದಿಲ್ಲ, ಹಗೆ ತೀರಿಸುವ ಮೊದಲು ಎದುರಾಳಿಗೆ ತಿಳಿಸಿಯೇ ಹೋಗುತ್ತಾರೆ ಎಂದೂ ದಾಖಲಿಸಿದ್ದಾನೆ. ನಿಮ್ಮ ಜಿಲ್ಲೆಯ ಐಹೊಳೆಯಲ್ಲಿ ರವಿಕೀರ್ತಿ 634ರಲ್ಲಿ ಕಲ್ಲಿನ ಮೇಲೆ ಹಾಡಿದ ಹರ್ಷನ ಸೋಲಿಗೆ ಚೀನಾದಿಂದ ಬಂದ ಸಾಕ್ಷಿ ಇದು. ಐಹೊಳೆಯ ಆ ಮೇಗುತಿ ಗುಡಿಯ ಶಾಸನವನ್ನು ಮಕ್ಕಳಿಗೆ ಪಾಠ ಮಾಡಿದ ಮೇಷ್ಟ್ರು ಆ ಸಾಕ್ಷಿಯ ಮನೆಯ ಬಾಗಿಲಿಗೆ ಬಂದು ಹತ್ತು ನಿಮಿಷದಲ್ಲಿ ಹೊರಟುಬಿಟ್ಟರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ಗೈಡ್‌ನೊಂದಿಗೆ ಮಾತನಾಡುವಾಗ ‘ಶ್ಯುವೆನ್ ಜಾಂಗ್’ ಎನ್ನಿ, ನಮ್ಮ ಪಠ್ಯಪುಸ್ತಕದ ಉಚ್ಚಾರಣೆ ಅವರಿಗೆ ತಿಳಿಯದು.

ಮೇಲೆ ಹತ್ತುವ ಅಗತ್ಯವಿಲ್ಲ. ಬುಡದ ದಕ್ಷಿಣ ಬಾಗಿಲಿನ ಎರಡೂ ಪಕ್ಕದಲ್ಲಿ 653ರ ಎರಡು ಶಿಲಾಫಲಕಗಳಿವೆ. ಒಂದರಲ್ಲಿ ಚಕ್ರವರ್ತಿ ತೈಜೋಂಗ್, ಇನ್ನೊಂದರಲ್ಲಿ ಅವನ ಮಗ ಗಾವೋಜೋಂಗ್ ಆ ಗ್ರಂಥಗಳಿಂದ ಯಾತ್ರಿಕ ಚೀನೀ ಭಾಷೆಗೆ ಮಾಡಿದ ಅನುವಾದಗಳನ್ನು ಕುರಿತು ಬರೆದ ಮಾತುಗಳಿವೆ. ಬರಹ ಚೂ ಸುಯ್‌ಲಿಯಾಂಗ್ ಎಂಬ ಪ್ರಸಿದ್ಧ ಲಿಪಿಕಾರನದು. ಬಾಗಿಲಿಗೆ ಸಮರೂಪವಾಗಿರಲೆಂದು ಒಂದನ್ನು ಬಲದಿಂದ ಎಡಕ್ಕೆ, ಇನ್ನೊಂದನ್ನು ಎಡದಿಂದ ಬಲಕ್ಕೆ ಸಾಲುಗಟ್ಟಿಸಿದ್ದಾರೆ.

ಮಲಪ್ರಭೆ

ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ವಾತಾಪಿಯವರ ಬರಹವನ್ನು ಫೋನಿನಲ್ಲಿ ತಂದೆಯವರಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ, ಆಮೇಲೆ ‘ಆ ಕಲ್ಲುಗಳ ಹತ್ತಿರ ನನ್ನನ್ನು ಬಿಡು, ಉಳಿದದ್ದು ನಿನ್ನಿಷ್ಟ’ ಎಂದರು. ಕಾರ್ಖಾನೆ, ಬುಗ್ಗೆ, ಮುಸ್ಲಿಂ ಬೀದಿ ಮೂರನ್ನೂ ತೆಗೆಸಿದ್ದೇನೆ. ಸಂಜೆ ಗೋಡೆಗೆ ಹೋಗುವ ಮೊದಲು ಒಂದು ಗಂಟೆ ಉಳಿಯುತ್ತದೆ. ಶಾಸನ ನೋಡುವವರಿಗೆ ಹತ್ತಿರದಲ್ಲಿ ಬೇರೇನಾದರೂ ಇದೆಯೇ?

ಹಳೆಯ ವಿದ್ಯಾರ್ಥಿ

ಇದೆ, ಅದನ್ನು ಮೊದಲೇ ಹೇಳಬೇಕಿತ್ತು. ದಕ್ಷಿಣದ ಯೊಂಗ್‌ನಿಂಗ್ ದ್ವಾರದಿಂದ ಗೋಡೆಯ ಒಳಬದಿಯಲ್ಲೇ ಪೂರ್ವಕ್ಕೆ ನಡೆದರೆ ‘ಬೇಯ್‌ಲಿನ್’, ಅಂದರೆ ಶಿಲಾಫಲಕಗಳ ಕಾಡು ಎಂಬ ಸಂಗ್ರಹಾಲಯ ಸಿಗುತ್ತದೆ. 1087ರಲ್ಲಿ ಆರಂಭವಾದದ್ದು. ಕನ್‌ಫ್ಯೂಷಿಯಸ್ ಪರಂಪರೆಯ ಗ್ರಂಥಗಳನ್ನು 837ರಲ್ಲಿ 114 ಕಲ್ಲುಗಳ ಎರಡೂ ಮುಖಗಳ ಮೇಲೆ ಕೆತ್ತಿದ್ದು ಅಲ್ಲಿದೆ. ಕ್ರೈಸ್ತ ಧರ್ಮ ಚೀನಾಕ್ಕೆ ಬಂದ ಬಗೆಯನ್ನು ಹೇಳುವ 781ರ ಫಲಕವೂ ಇದೆ. ಅದರ ಬುಡದಲ್ಲಿ ಪಶ್ಚಿಮ ಏಷ್ಯಾದ ಸಿರಿಯಾಕ್ ಲಿಪಿಯ ಸಾಲುಗಳನ್ನು ಹುಡುಕಲು ಹೇಳಿ. ಒದ್ದೆ ಕಾಗದವನ್ನು ಕಲ್ಲಿಗೆ ಅಂಟಿಸಿ ಮಸಿಯ ಗಂಟಿನಿಂದ ತಟ್ಟಿ ಪಡಿಯಚ್ಚು ತೆಗೆಯುವುದನ್ನು ನಾನು ಅಲ್ಲಿ ಕಂಡಿದ್ದೇನೆ. ನಿಮ್ಮ ತಂದೆಯವರಿಗೆ ಆ ಸದ್ದಿನ ಪರಿಚಯವಿರಬಹುದು.

ಅಲ್ಲಿಂದ ಹೊರಬಂದು ಬೆಳಕಿರುವಾಗಲೇ ಗೋಡೆ ಹತ್ತಿ. 1370ರ ದಶಕದಲ್ಲಿ ಕಟ್ಟಿದ, 12 ಮೀಟರ್ ಎತ್ತರದ, ಸುತ್ತಳತೆಯಲ್ಲಿ ಸುಮಾರು 13.7 ಕಿಲೋಮೀಟರ್ ಇರುವ ಗೋಡೆ ಅದು. ಪೂರ್ತಿ ಸುತ್ತಲು ಬಾಡಿಗೆಯ ಸೈಕಲ್ ಸಿಗುತ್ತದೆ, ಬ್ಯಾಟರಿ ಗಾಡಿಯೂ ಇದೆ. ಆದರೆ ತಂದೆಯವರು ದಕ್ಷಿಣ ದ್ವಾರದ ಮೇಲೆಯೇ ಒಂದು ಕಡೆ ಕುಳಿತರೆ ಸಾಕು. ಒಳಗಡೆ ಕಟ್ಟಡಗಳ ಎತ್ತರಕ್ಕೆ ಮಿತಿ ಇರುವುದರಿಂದ ಹೆಂಚಿನ ಮಾಡುಗಳು ಕಾಣುತ್ತವೆ, ಹೊರಗಡೆ ಗಾಜಿನ ಗೋಪುರಗಳ ಸಾಲು. ಕೆಳಗಿನ ಕಂದಕದ ಪಕ್ಕದ ಉದ್ಯಾನದಲ್ಲಿ ಸಂಜೆ ಹಿರಿಯರು ಸೇರಿ ಆ ಸೀಮೆಯ ಚಿನ್‌ಚಿಯಾಂಗ್ ನಾಟಕದ ಹಾಡುಗಳನ್ನು ಎತ್ತರದ ದನಿಯಲ್ಲಿ ಹಾಡುತ್ತಾರೆ. ಇಳಿದು ಬರುವಾಗ ಕೇಳಿಸಿದರೆ ಗೈಡ್‌ಗೆ ಹೇಳಿ ಹತ್ತು ನಿಮಿಷ ನಿಲ್ಲಿ, ಕಾರಿನ ಚಾಲಕ ಕಾಯುತ್ತಾನೆ.