ಚಂದ್ರನ ಮೇಲೊಂದು ಕಳ್ಳತನ: ಕಳ್ಳಿ ಮತ್ತು ಪೊಲೀಸ್ ಅಧಿಕಾರಿಯ ಪ್ರೇಮವನ್ನು ನಂಬಿಸುವುದು ಹೇಗೆ?

ಇರುಳಕ್ಕಿ (ಪ್ರಶ್ನೆ):
ನಾನೊಂದು ವೈಜ್ಞಾನಿಕ ಕಾದಂಬರಿ ಬರೆಯುತ್ತಿದ್ದೇನೆ. ಚಂದ್ರನ ದಕ್ಷಿಣ ಧ್ರುವದಲ್ಲಿ, ಸುಮಾರು 21 ಕಿಲೋಮೀಟರ್ ಅಗಲದ ಶ್ಯಾಕಲ್ಟನ್ ಕುಳಿಯ ಅಂಚಿನಲ್ಲಿ ಒಂದು ನೆಲೆಯಿದೆ. ಬಿಸಿಲನ್ನೇ ಕಾಣದ ಕುಳಿಯ ತಳದಿಂದ ಮಂಜುಗಡ್ಡೆ ತೆಗೆದು, ಅದರಿಂದ ನೀರನ್ನೂ ಉಸಿರಾಟದ ಆಮ್ಲಜನಕವನ್ನೂ ರಾಕೆಟ್ ಇಂಧನವನ್ನೂ ಮಾಡುತ್ತಾರೆ. ಆ ಮಂಜುಗಡ್ಡೆಯನ್ನು ದೋಚಲು ಬಂದವಳು ನಾಯಕಿ. ಅವಳ ಬೆನ್ನು ಹತ್ತಿದವನು ಪೊಲೀಸ್ ಅಧಿಕಾರಿ. ದರೋಡೆಯ ಭಾಗ ಗಟ್ಟಿಯಾಗಿ ಬಂದಿದೆ, ಪ್ರೇಮ ಮಾತ್ರ ಹೊರಗಿನಿಂದ ತಂದು ಅಂಟಿಸಿದಂತಿದೆ. ಅವಳ ರೂಪಕ್ಕೆ ಮರುಳಾಗಿ ಅವನು ಕರ್ತವ್ಯ ಮರೆತ ಎಂದು ಬರೆಯಲು ನನಗೆ ಮನಸ್ಸಿಲ್ಲ. ಅವನು ಕೊನೆಯವರೆಗೂ ಪ್ರಾಮಾಣಿಕನಾಗಿಯೇ ಇರಬೇಕು. ದಾರಿ ಸೂಚಿಸುವಿರಾ?

ತುಂಗಾತೀರ:
ಪ್ರೇಮವನ್ನು ಆ ನೆಲದಿಂದಲೇ ಹುಟ್ಟಿಸಿ. ಚಂದ್ರನಲ್ಲಿ ಗಾಳಿಯಿಲ್ಲ, ಮಳೆಯಿಲ್ಲ; ಇಟ್ಟ ಹೆಜ್ಜೆ ಅಳಿಯುವುದಿಲ್ಲ. ಆದ್ದರಿಂದ ನಿಮ್ಮ ಅಧಿಕಾರಿ ಅವಳ ಮುಖ ನೋಡುವ ಎಷ್ಟೋ ಮೊದಲೇ ಅವಳ ಹೆಜ್ಜೆಗಳನ್ನು ಓದಿರುತ್ತಾನೆ. ಎಲ್ಲಿ ಧಾವಿಸಿದಳು, ಎಲ್ಲಿ ಭಾರ ಇಳಿಸಿದಳು, ದಿಗಂತದಂಚಿನಲ್ಲಿ ಭೂಮಿ ಕಾಣುವ ಜಾಗದಲ್ಲಿ ಯಾಕೆ ಸುಮ್ಮನೆ ನಿಂತಳು ಎಂಬುದೆಲ್ಲ ಅವನ ಮಹಜರಿನಲ್ಲಿ ಸೇರುತ್ತದೆ. ಒಬ್ಬರನ್ನು ಇಷ್ಟು ಗಮನವಿಟ್ಟು ಅರಿಯುವುದರಲ್ಲೇ ಒಲವಿನ ಮೊಳಕೆಯಿದೆ, ಮತ್ತು ಅದು ಅವನ ಕರ್ತವ್ಯದ ಭಾಗವೂ ಹೌದು.

ಇನ್ನೊಂದು ಮಾತು. ನಿರ್ವಾತದಲ್ಲಿ ಶಬ್ದ ಸಾಗದು, ರೇಡಿಯೋದಲ್ಲಿ ಆಡಿದ್ದೆಲ್ಲ ನೆಲೆಯಲ್ಲಿ ದಾಖಲಾಗುತ್ತದೆ. ಆದರೆ ಎರಡು ಹೆಲ್ಮೆಟ್‌ಗಳು ಒಂದಕ್ಕೊಂದು ತಾಗಿದರೆ ಕಂಪನದ ಮೂಲಕ ದನಿ ದಾಟುತ್ತದೆ. ಅವರ ಮೊದಲ ಗುಟ್ಟಿನ ಮಾತುಕತೆ ಹೀಗೆಯೇ ನಡೆಯಲಿ. ಅಷ್ಟು ಹತ್ತಿರ ಬಂದರೆ ಅವನು ಅವಳಿಗೆ ಕೋಳ ತೊಡಿಸಬಲ್ಲ, ಅವಳು ಅವನ ಆಮ್ಲಜನಕದ ಕೊಳವೆ ಕೀಳಬಲ್ಲಳು. ಇಬ್ಬರೂ ಹಾಗೆ ಮಾಡದೆ ಮಾತು ಮುಗಿಸಿದರೆ ಓದುಗರು ನಂಬುತ್ತಾರೆ.

ಕಾನೂನಿನ ವಿದ್ಯಾರ್ಥಿ:
ಅಧಿಕಾರಿಯ ಪ್ರಾಮಾಣಿಕತೆಗೆ ಧಕ್ಕೆಯಾಗದಂತೆ ಅವನನ್ನು ನಿಜವಾದ ಇಕ್ಕಟ್ಟಿನಲ್ಲಿ ನಿಲ್ಲಿಸಲು ಕಾನೂನೇ ಸಾಕು. 1967ರ ಬಾಹ್ಯಾಕಾಶ ಒಪ್ಪಂದದ 2ನೆಯ ವಿಧಿಯಂತೆ ಯಾವ ದೇಶವೂ ಚಂದ್ರನ ನೆಲವನ್ನು ತನ್ನದೆನ್ನುವಂತಿಲ್ಲ. 8ನೆಯ ವಿಧಿಯಂತೆ ನೌಕೆಯ ಮತ್ತು ಅದರ ಸಿಬ್ಬಂದಿಯ ಮೇಲಿನ ಅಧಿಕಾರ ಅದನ್ನು ನೋಂದಾಯಿಸಿದ ದೇಶದ್ದು. ಅಗೆದು ತೆಗೆದ ಸಂಪನ್ಮೂಲ ತೆಗೆದವರದೇ ಎಂದು ಅಮೆರಿಕ 2015ರಲ್ಲಿ ತನ್ನ ಪ್ರಜೆಗಳಿಗಾಗಿ ಕಾನೂನು ಮಾಡಿತು. ಹಾಗಾದರೆ ಕುಳಿಯ ತಳದಲ್ಲಿರುವ ಮಂಜುಗಡ್ಡೆ ಯಾರದ್ದೂ ಅಲ್ಲ, ತೊಟ್ಟಿ ಸೇರಿದ್ದು ಕಂಪನಿಯದ್ದು. ಅವಳು ಎರಡರ ನಡುವಿನ ದಾರಿಯಲ್ಲಿ, ಬೇರೆ ದೇಶದಲ್ಲಿ ನೋಂದಣಿಯಾದ ವಾಹನದಲ್ಲಿ ಅದನ್ನು ತಿರುಗಿಸಿಕೊಂಡರೆ, ಅದು ಯಾರ ಸರಹದ್ದು, ಎಫ್‌ಐಆರ್‌ನಲ್ಲಿ ಏನೆಂದು ಬರೆಯಬೇಕು ಎಂದು ಅವನು ಪ್ರಾಮಾಣಿಕವಾಗಿಯೇ ತಡವರಿಸುತ್ತಾನೆ.

ಹಳೆಯ ಓದುಗ:
ಮೇಲಿನ ಉತ್ತರವನ್ನು ಒಪ್ಪುತ್ತೇನಾದರೂ ಕಾನೂನಿನ ಸಂದಿಯಲ್ಲಿ ನಾಯಕಿ ನುಣುಚಿಕೊಳ್ಳಬಾರದು ಎಂಬುದು ನನ್ನ ಒತ್ತಾಯ. 2002ರಲ್ಲಿ ಹ್ಯೂಸ್ಟನ್ನಿನ ಜಾನ್ಸನ್ ಬಾಹ್ಯಾಕಾಶ ಕೇಂದ್ರಕ್ಕೆ ತರಬೇತಿಗೆ ಬಂದಿದ್ದ ಯುವಕನೊಬ್ಬ, ಪ್ರೇಯಸಿ ಮತ್ತು ಸಂಗಡಿಗರೊಂದಿಗೆ, ಅಪೊಲೊ ಯಾನಗಳು ತಂದ ಕಲ್ಲುಗಳಿದ್ದ ಸುಮಾರು 270 ಕಿಲೋ ತೂಕದ ತಿಜೋರಿಯನ್ನೇ ಹೊತ್ತೊಯ್ದ. ಖರೀದಿದಾರರ ವೇಷದ ಎಫ್‌ಬಿಐ ಅಧಿಕಾರಿಗಳು ಅವರನ್ನು ಒರ್ಲ್ಯಾಂಡೊದಲ್ಲಿ ಹಿಡಿದರು. ಕಲ್ಲುಗಳು ಮರಳಿ ಸಿಕ್ಕವು, ಆದರೆ ಕಲಬೆರಕೆಯಾಗದಂತೆ ದಶಕಗಳ ಕಾಲ ಕಾಪಾಡಿದ್ದ ಅವು ಸಂಶೋಧನೆಯ ಮಟ್ಟಿಗೆ ಕೆಟ್ಟುಹೋಗಿದ್ದವು. ಪ್ರೇಮದ ಹೆಸರಿನಲ್ಲಿ ಇಂಥ ನಷ್ಟವನ್ನು ಮುಚ್ಚಿದರೆ ನನಗೆ ನಿಜಕ್ಕೂ ಬೇಸರವಾಗುತ್ತದೆ. ನಿಮ್ಮ ನೆಲೆಯಲ್ಲಿ ಮಂಜುಗಡ್ಡೆಯೆಂದರೆ ಉಸಿರು. ಅವಳು ಕದ್ದದ್ದರಿಂದ ಯಾರ ಪಾಲು ಕಡಿಮೆಯಾಯಿತು ಎಂಬುದನ್ನು ಅವನು ಅವಳ ಮುಂದೆ ಇಡಲೇಬೇಕು.

ಇರುಳಕ್ಕಿ:
ಎಲ್ಲರಿಗೂ ಧನ್ಯವಾದಗಳು. ಹೆಲ್ಮೆಟ್ ತಾಗಿಸಿ ಆಡುವ ಮಾತನ್ನೇ ಬಂಧನದ ದೃಶ್ಯವಾಗಿಸುತ್ತೇನೆ. ಕೊರತೆ ಬಿದ್ದ ಕಾರ್ಮಿಕರ ವಸತಿಯ ಹೆಸರನ್ನು ಅವನು ಅಲ್ಲಿಯೇ ಹೇಳುತ್ತಾನೆ, ಮತ್ತು ವಾಹನವನ್ನು ಯಾವ ಕಡೆ ತಿರುಗಿಸಬೇಕೆಂಬ ನಿರ್ಧಾರ ಅವಳದಾಗಿರುತ್ತದೆ.